ಗಂಗೂ ಹೇಳದೆ ಹೋದದ್ದು

ಅಂಕೋಲೆ ಪಕ್ಕದ ಕೇಣಿಯಲ್ಲಿ ಮನೆದೇವರ ಗುಡಿಗೆ ಹೊಸ ಗೋಡೆ ಎದ್ದ ವರ್ಷ, ಅಂದರೆ ಎರಡು ಸಾವಿರದ ಏಳರಲ್ಲಿ, ಆ ಗೋಡೆಯ ಮೇಲೆ ಕುಟುಂಬದ ವಂಶವೃಕ್ಷ ಬರೆಸಬೇಕೆಂದು ಮಂಗೇಶನಿಗೆ ಮನಸ್ಸಾಯಿತು. ಅಂಕೋಲೆಯ ದಂಡೆಯಲ್ಲಿ ಎರಡು ಯಾಂತ್ರಿಕ ದೋಣಿಗಳ ಒಡೆಯ ಅವನು. ಕಾಗದದ ಮೇಲೆ ಮರ ಬಿಡಿಸಿ, ಕೊಂಬೆಕೊಂಬೆಗೂ ಹೆಸರು ಬರೆದು, ನೆಂಟರಿಗೆಲ್ಲ ಪ್ರತಿ ಕಳಿಸಿದ. ಕಾರವಾರದ ಕೋಡಿಬಾಗದಲ್ಲಿದ್ದ ಲತಾಳಿಗೂ ಒಂದು ಬಂತು. ಅದರಲ್ಲಿ ಅವಳ ಅಪ್ಪ ಜಟ್ಟಪ್ಪನ ಹೆಸರಿರಲಿಲ್ಲ. ಅಜ್ಜ ಪುಟ್ಟು ಇರಲಿಲ್ಲ, ಮುತ್ತಜ್ಜ ಸೋಮು ಇರಲಿಲ್ಲ. ಇಡೀ ಕೊಂಬೆಯೇ ಇರಲಿಲ್ಲ.

ಲತಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ತರಗತಿಯಲ್ಲಿ ದನಿ ಏರಿಸದವಳು ಅಂದು ಫೋನಿನಲ್ಲಿ ಏರಿಸಿದಳು.

"ಮಂಗೇಶಣ್ಣ, ನಮ್ಮನಿ ಹೆಸ್ರೆಲ್ಲ ಎಲ್ಲಿಗ್ ಹೋಯ್ತು?"

"ಸಿಟ್ಟಾಗ್ಬೇಡ್ವೇ ತಂಗಿ. ನಾ ಎಂತಾ ಮಾಡೂದು? ಸೋಮಜ್ಜ ಸಾಕ್ದ ಮಗ ಅಂತ ಊರಿಗೂರೇ ಹೇಳ್ತದೆ. ದೇವ್ರ ಗೋಡೆ ಮೇಲೆ ಸುಳ್ಳು ಬರೂಕೆ ಆಗ್ತದ್ಯಾ? ದಾಖ್ಲೆ ಇದ್ರೆ ತಗಂಡ್ ಬಾ, ಕಣ್ಣಿಗೊತ್ಕಂಡು ಬರಸ್ತೆ."

ಮಂಗೇಶ ಕೆಟ್ಟವನಲ್ಲ. ಆ ಮಾತು ಅವನಿಗಿಂತ ಹಳೆಯದು. ಸೋಮು ಮತ್ತು ಮಾಬ್ಲೇಶ್ವರ ಅಣ್ಣತಮ್ಮಂದಿರು, ಗಂಗೂ ಎಂಬವಳ ಮಕ್ಕಳು. ಇಬ್ಬರಲ್ಲಿ ಒಬ್ಬ ಅವಳು ಹೆತ್ತವನಲ್ಲ ಎಂಬ ಸುದ್ದಿ ಮೊದಲಿನಿಂದಲೂ ಇತ್ತು. ಮಾಬ್ಲೇಶ್ವರನ ಮನೆಯವರು ದೋಣಿ ಮೇಲೆ ದೋಣಿ ಕಟ್ಟಿಸಿದರು, ಸೋಮುವಿನ ಮನೆಯವರು ಕಂಡವರ ದೋಣಿಯಲ್ಲಿ ಬಲೆ ಎಳೆದರು. ವರ್ಷ ಕಳೆದಂತೆ ಸುದ್ದಿ ಬಡವರ ಮನೆಯಲ್ಲೇ ಉಳಿದುಕೊಂಡಿತು. ಮಂಗೇಶ ಮಾಬ್ಲೇಶ್ವರನ ಮರಿಮಗ.

"ಬಿಡೆ ಮಗಾ," ಎಂದ ಜಟ್ಟಪ್ಪ. ಎಪ್ಪತ್ತು ದಾಟಿದ ಮೇಲೂ ಅವನು ಅಕ್ಕಪಕ್ಕದವರ ಹರಿದ ಬಲೆ ತಂದು ಹೆಣೆದುಕೊಡುತ್ತಿದ್ದ. "ಗೋಡೆ ಮೇಲೆ ಹೆಸ್ರಿಲ್ದಿದ್ರೆ ಉಂಡದ್ದು ಜೀರ್ಣ ಆಗೂದಿಲ್ವಾ?"

"ನಿಂಗೆ ಆಗ್ತದೆ ಅಪ್ಪಾ. ನಂಗೆ ಆಗೂದಿಲ್ಲ."

ಮುಂದಿನ ಶನಿವಾರವೇ ಅವಳು ಅಂಕೋಲೆಯ ಬಸ್ಸು ಹತ್ತಿದಳು. ತಾಲೂಕು ಕಚೇರಿಯ ಹಳೆಯ ಭೂದಾಖಲೆಗಳಲ್ಲಿ ಸೋಮು ಸಿಕ್ಕಿದ, ಮಾಬ್ಲೇಶ್ವರನೂ ಸಿಕ್ಕಿದ. ಇಬ್ಬರ ಹೆಸರಿನ ಪಕ್ಕದಲ್ಲೂ ಒಂದೇ ತಂದೆಯ ಹೆಸರು. ಅದನ್ನು ಹೇಳಿದರೆ ಮಂಗೇಶ, "ಸಾಕ್ದವ್ರೂ ತಮ್ಮ ಹೆಸ್ರೇ ಬರಸ್ತ್ರಲ್ವೇ," ಎಂದ. ಸುಳ್ಳೇನಲ್ಲ. ಆದರೆ ಆ ಪುಟದ ಕೊನೆಯ ಅಂಕಣದಲ್ಲಿ ಇನ್ನೊಂದು ಸಾಲಿತ್ತು: ಗದ್ದೆಯು ಗಂಗೂಳ ಮೃತ್ಯುಪತ್ರದಂತೆ ಮಕ್ಕಳಿಗೆ ಬಂದದ್ದು.

ಉಯಿಲು ಬರೆದಿದ್ದಳೇ ಗಂಗೂ! ಮೀನು ಬುಟ್ಟಿ ಹೊತ್ತು ಮಾರುತ್ತಿದ್ದ ಹೆಂಗಸು, ಅಕ್ಷರ ಬಾರದವಳು. ಲತಾ ಅಂಕೋಲೆಯ ನೋಂದಣಿ ಕಚೇರಿಯಲ್ಲಿ ವಾರಗಟ್ಟಲೆ ಹುಡುಕಿಸಿದಳು. ಇರಲಿಲ್ಲ. ಕೈಚೆಲ್ಲುವ ಹೊತ್ತಿಗೆ, ಗಂಗೂ ಕಾರವಾರಕ್ಕೆ ಹೋಗಿ ಬರೆಸಿದ್ದರೆ ಎಂಬ ಯೋಚನೆ ಬಂತು. ಅಂಕೋಲೆಯಲ್ಲಿ ಪತ್ರ ಬರೆಯುವವರೆಲ್ಲ ಊರ ಹಿರಿಯರ ಪರಿಚಯದವರು. ಇವಳು ಬರೆಸಿದ ಮಾತು ಇವಳಿಗಿಂತ ಮೊದಲೇ ಕೇಣಿ ಮುಟ್ಟುತ್ತಿತ್ತು.

ಯೋಚನೆ ಸರಿಯಾಗಿತ್ತು. ಲತಾ ದಿನಾ ಶಾಲೆಗೆ ಹೋಗುವ ದಾರಿಯಲ್ಲೇ ಇದ್ದ ಕಚೇರಿಯಲ್ಲಿ, ಸಾವಿರದ ಒಂಬೈನೂರ ಹನ್ನೊಂದರ ಪುಸ್ತಕದಲ್ಲಿ, ಗಂಗೂ ಕಾದು ಕುಳಿತಿದ್ದಳು. ಮಸಿ ಕಂದಿತ್ತು, ಮೋಡಿ ಲಿಪಿಯ ಹಾಗೆ ಸುತ್ತಿ ಸುತ್ತಿ ಬರೆದ ಕನ್ನಡ. ಲತಾ ಬೆರಳಿಟ್ಟು ಓದಿದಳು.

"ಪರಸೀಮೆಯ ಮಾಲವಣದ ದಂಡೆಯಲ್ಲಿ ಎರಡು ವರ್ಷ ದುಡಿದು ನಾನೂ ನನ್ನ ಗಂಡನೂ ತಿರುಗಿ ಬಂದಾಗ ಮಡಿಲಲ್ಲಿ ಎರಡು ಕೂಸುಗಳಿದ್ದವು. ಒಂದು ನಾನು ಹೆತ್ತದ್ದು. ಇನ್ನೊಂದು ಅಲ್ಲಿಯವರದು, ದೋಣಿ ಮಗುಚಿ ತಾಯಿತಂದೆ ಇಬ್ಬರೂ ಹೋದ ಮೇಲೆ ನನ್ನ ಹಾಲು ಕುಡಿದದ್ದು. ಯಾವುದು ಯಾವುದೆಂದು ಊರವರು ಕೇಳಿದರು. ಜಾತಿಯ ಹಿರಿಯರು ಪಂಚಾಯ್ತಿ ಕೂಡಿಸಿ ಕೇಳಿದರು. ಗಂಡ ಹೇಳದೆ ತೀರಿಕೊಂಡ. ನಾನೂ ಹೇಳುವವಳಲ್ಲ. ಮಕ್ಕಳಿಗೂ ಹೇಳಿಲ್ಲ. ಮನೆ, ಗದ್ದೆ, ದೋಣಿ, ಬಲೆ ಇಬ್ಬರಿಗೂ ಸಮಸಮ. ಇಬ್ಬರಲ್ಲಿ ಯಾವನಾಗಲಿ, ಅವನ ಸಂತಾನವಾಗಲಿ, ಇನ್ನೊಬ್ಬರನ್ನು ಹೊರಗಿನವರೆಂದು ಅಂದರೆ, ಅಂದವರ ಪಾಲು ಅನ್ನಿಸಿಕೊಂಡವರಿಗೆ ಹೋಗತಕ್ಕದ್ದು."

ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು, ಅಗಲವಾದದ್ದು.

ಲತಾ ಮತ್ತೊಮ್ಮೆ ಮೊದಲಿಂದ ಓದಿದಳು. ಹುಡುಕಿಕೊಂಡು ಬಂದದ್ದು ಸಿಕ್ಕಿರಲಿಲ್ಲ, ಇನ್ನು ಸಿಗುವಂತೆಯೂ ಇರಲಿಲ್ಲ. ಆದರೂ ಬೇಸರವಾಗಲಿಲ್ಲ. ಪಂಚಾಯ್ತಿಯ ನಡುವೆ ಒಂಟಿಯಾಗಿ ನಿಂತ ವಿಧವೆಯೊಬ್ಬಳು ಕಣ್ಮುಂದೆ ಬಂದಳು. ಒಂದು ಹೆಸರು ಹೇಳಿದ್ದರೆ ಎಲ್ಲರೂ ಸುಮ್ಮನಾಗುತ್ತಿದ್ದರು, ಅವಳ ದಿನಗಳು ಹಗುರಾಗುತ್ತಿದ್ದವು. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೇ ಇಬ್ಬರನ್ನೂ ಬೆಳೆಸಿದಳು. ತಾನು ಸತ್ತ ಮೇಲೆ ಮಕ್ಕಳ ಗತಿ ಏನೆಂದು ಯೋಚಿಸಿ, ದೋಣಿ ಹತ್ತಿ ಕಾರವಾರಕ್ಕೆ ಬಂದು, ದೊರೆಗಳ ಕಚೇರಿಯಲ್ಲಿ ಹೆದರದೆ ಇಷ್ಟು ಮಾತು ಹೇಳಿ ಬರೆಸಿದಳು. ಮಕ್ಕಳ ಮೊಮ್ಮಕ್ಕಳ ಬಾಯಿಂದ ಯಾವ ಮಾತು ಬಂದೀತು ಎಂಬುದೂ ಅವಳಿಗೆ ಗೊತ್ತಿತ್ತು. ತಾನು ಇಂಥವಳ ಮನೆಯವಳು ಎಂದುಕೊಂಡು ಲತಾ ನಕಲಿಗೆ ಅರ್ಜಿ ಬರೆದಳು.

ನಕಲು ಕೈಗೆ ಬಂದ ಭಾನುವಾರ ಅವಳು ಅಪ್ಪನನ್ನು ಕರೆದುಕೊಂಡು ಕೇಣಿಗೆ ಹೋದಳು. ಮಂಗೇಶ ಅಂಗಳದಲ್ಲಿ ಕುರ್ಚಿ ಹಾಕಿಸಿದ. ಲತಾ ಗಟ್ಟಿಯಾಗಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಮಂಗೇಶ ಕಾಗದ ಕಸಿದುಕೊಂಡು ತಾನೇ ಮತ್ತೊಮ್ಮೆ ಓದಿದ.

"ಹಾಂಗಾದ್ರೆ," ಎಂದ ಜಟ್ಟಪ್ಪ, ನಗು ತಡೆದುಕೊಂಡು, "ನಿನ್ನ ಎರಡೂ ದೋಣಿ ನಂಗೆ ಬಂತಾ ಮಂಗೇಶ?"

ಮಂಗೇಶ ನಗಲಿಲ್ಲ. ಎದ್ದು ಬಂದು ಜಟ್ಟಪ್ಪನ ಕಾಲು ಮುಟ್ಟಿದ. "ತಪ್ಪಾಯ್ತು ಚಿಕ್ಕಪ್ಪಾ. ನಾನೇ ಮಾಲವಣದವ ಆಗಿರೂಕೂ ಸಾಕು."

"ನಾನೂ ಆಗಿರೂಕೂ ಸಾಕು. ಏಳು."

ಸ್ವಲ್ಪ ಹೊತ್ತಿನ ಮೇಲೆ ಮಂಗೇಶನ ಕುತೂಹಲ ಮತ್ತೆ ತಲೆ ಎತ್ತಿತು. "ಈಗ ರಕ್ತ ನೋಡಿ ಹೇಳ್ತ್ರಂತೆ, ಯಾರು ಯಾರ ಪೈಕಿ ಅಂತ. ಒಂದ್ಸಲ ನೋಡಸ್ದ್ರೆ ಹೆಂಗೆ?"

ಲತಾ ಬಾಯಿ ತೆರೆಯುವ ಮೊದಲೇ ಜಟ್ಟಪ್ಪ ಹೇಳಿದ. ಈ ಬಾರಿ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಅವ್ಳು ಜೀವ ಇರೂ ತನಕ ಬಾಯಿ ಕಟ್ಕಂಡಿದ್ದು ನಾವು ಸೂಜಿ ಚುಚ್ಚಸ್ಕಂಡು ಹಾಳ್ ಮಾಡೂಕಾ? ನಾ ನೋಡ್ಸೂದಿಲ್ಲ. ನೀನೂ ನೋಡಸ್ಬೇಡ."

ಮಂಗೇಶ ತಲೆಯಾಡಿಸಿದ. ಒಳಗಿಂದ ಮರದ ಚಿತ್ರ ತರಿಸಿ, ಲತಾಳ ಕೈಗೆ ಪೆನ್ಸಿಲ್ ಕೊಟ್ಟ. ಅವಳು ಬುಡದಲ್ಲಿ ಗಂಗೂ ಎಂದು ಬರೆದಳು, ಪಕ್ಕದಲ್ಲಿ ಅವಳ ಗಂಡನ ಹೆಸರು. ಮೇಲೆ, ಒಂದೇ ಎತ್ತರದಲ್ಲಿ, ಸೋಮು ಮತ್ತು ಮಾಬ್ಲೇಶ್ವರ. ಹಿರಿಯ ಯಾರು, ಕಿರಿಯ ಯಾರು ಎಂದು ಯಾರೂ ಕೇಳಲಿಲ್ಲ. ಆಮೇಲೆ ಎಲ್ಲರೂ ಊಟಕ್ಕೆ ಕುಳಿತರು, ಜಟ್ಟಪ್ಪ ಎರಡು ಸಲ ಬಂಗಡೆ ಸಾರು ಹಾಕಿಸಿಕೊಂಡ.

ಉಯಿಲಿನ ನಕಲು ಆ ವರ್ಷ ನೆಂಟರ ಮನೆಮನೆಗೂ ಹೋಯಿತು. ಮಾಜಾಳಿಯಲ್ಲಿರುವ, ಮಾಬ್ಲೇಶ್ವರನ ಕಡೆಯ ಒಬ್ಬ ದೊಡ್ಡಪ್ಪ ಮಾತ್ರ ಇಂದಿಗೂ ಸೋಮುವೇ ಸಾಕಿದ ಮಗ ಎನ್ನುತ್ತಾನೆ. ಅವನ ಪಾಲು ಕೇಳಲು ಯಾರೂ ಹೋಗಿಲ್ಲ.