ದೀಪದ ಆಳು

“ಬೀಸೇ ಮುಂಡೆ, ಕೈ ಬೀಸು. ಫೋಟೋ ತೆಗೆಸ್ಕೊಳ್ಳೋಕೆ ನಿಂತಿದ್ದೀಯೇನೇ ಹಂಗೆ?”

ಸೂಪರ್‌ವೈಸರನ ಮಾತು ಬೆನ್ನಿಗೆ ಚುಚ್ಚಿದ ಮೇಲೆಯೇ ಗೋಪುರಿಗೆ ಎಚ್ಚರವಾದದ್ದು. ಅಷ್ಟರಲ್ಲಿ ಸಭಾಂಗಣ ಕತ್ತಲಾಗಿತ್ತು. ಅವಳು ಗಡಬಡಿಸಿ ಎರಡೂ ಕೈ ಬೀಸಿದಳು. ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು.

“ನಾಳೆ ಅತಿಥಿಗಳ ಮುಂದೆ ಹಿಂಗೇ ಮಾಡು, ನಿನ್ನ ಚರ್ಮ ಸುಲಿದು ಇದೇ ಬಾಗಿಲಿಗೆ ಕಾಲೊರೆಸೋ ಮ್ಯಾಟ್ ಮಾಡ್ತೀನಿ.”

“ಆಯ್ತು ಸಾರ್,” ಎಂದಳು ಗೋಪುರಿ. ತನ್ನಷ್ಟು ಸಣಕಲಿಯ ಚರ್ಮದಲ್ಲಿ ಎಷ್ಟು ದೊಡ್ಡ ಮ್ಯಾಟ್ ಆದೀತು ಎಂಬ ಲೆಕ್ಕ ಆಗಲೇ ತಲೆಯೊಳಗೆ ಶುರುವಾಗಿತ್ತು. ಅವಳ ತಲೆಯೇ ಹಾಗೆ. ಅಜ್ಜಿಯ ತೊಡೆಯ ಮೇಲೆ ಮಲಗಿ ಕತೆ ಕೇಳಿ ಕೇಳಿ ಕೆಟ್ಟ ತಲೆ. ಕೂತಲ್ಲಿ ನಿಂತಲ್ಲಿ ಗಾಳಿಗೋಪುರ ಕಟ್ಟುತ್ತಾಳೆಂದೇ ಜೊತೆಯ ಗುಡಿಸುವ ಹೆಂಗಸರು ಅವಳಿಗೆ ಆ ಹೆಸರಿಟ್ಟಿದ್ದರು.

ಕಿಟಕಿಯೇ ಇಲ್ಲದ ಆ ಸಭಾಂಗಣದ ದೀಪಗಳಿಗೆ ಈಚೆಗೆ ಕಣ್ಣು ಬಂದಿತ್ತು. ಹಿಂದಿನ ಮೂಲೆಯ ಮೇಲೆ ಅಂಗಿಯ ಗುಂಡಿಯಂಥ ಒಂದು ಬಿಳಿ ಕಣ್ಣು. ಅದರೆದುರು ಯಾರಾದರೂ ಅಲುಗಾಡಿದರೆ ದೀಪ ಉರಿಯಬೇಕು, ಇಲ್ಲದಿದ್ದರೆ ಆರಬೇಕು. ಗುಡಿಸುವವರು ದೀಪ ಹಾಗೇ ಬಿಟ್ಟು ಹೋಗುತ್ತಾರೆಂಬ ಗುಮಾನಿಯಿಂದ ಕಣ್ಣನ್ನು ಪೊರಕೆ ಇಡುವ ಮೂಲೆಗೇ ಮುಖ ಮಾಡಿ ಕೂರಿಸಿದ್ದರು. ಮುಂದೆ ಮೆತ್ತನೆ ಕುರ್ಚಿಗಳಲ್ಲಿ ಕೂತ ಸಾಹೇಬರು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಹೀಗಾಗಿ ಮೊದಲ ಸಭೆಯಲ್ಲಿಯೇ ದೊಡ್ಡ ಸಾಹೇಬರು ವಿದ್ಯುತ್ ಉಳಿಸುವುದು ಹೇಗೆಂದು ಹೇಳುತ್ತ ಹೇಳುತ್ತ ಕತ್ತಲಲ್ಲಿ ಮರೆಯಾಗಿಬಿಟ್ಟರು. ಕಣ್ಣನ್ನು ತಿರುಗಿಸಿ ಕೂರಿಸಲು ಬರಬೇಕಾದವನು ಬರುವ ತನಕ, ಮೂಲೆಯಲ್ಲಿ ಒಬ್ಬ ಆಳು ನಿಂತು ಆಗಾಗ ಕೈ ಬೀಸಬೇಕೆಂದು ತೀರ್ಮಾನವಾಯಿತು. ಅತಿಥಿಗಳಿಗೆ ಕಾಣಬಾರದೆಂದು ಆಳಿನ ಮುಂದೆ ಒಂದು ಸಾಲು ಹೂಕುಂಡ ಇಟ್ಟರು.

ಆ ಕೆಲಸ ಗೋಪುರಿಗೇ ಸಿಕ್ಕಿದ್ದು ಅವಳ ಚಪ್ಪಾಳೆಯ ಕೃಪೆಯಿಂದ. ಇಡೀ ಕಟ್ಟಡ ಉಗುಳುವ ಕಾರ್ಬನ್ ಕಡಿಮೆ ಮಾಡುತ್ತೇವೆ, ಭೂಮಿಯ ಜ್ವರ ಇಳಿಸುತ್ತೇವೆ ಎಂದು ದೊಡ್ಡ ಸಾಹೇಬರು ನೆಲಮಾಳಿಗೆಗೇ ಇಳಿದು ಬಂದು ಹೇಳಿದ್ದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡಿದರು. ಗೋಪುರಿಯ ಕಣ್ಣ ಮುಂದೆ ಕರಿ ಹೊಗೆಯ ರಾಕ್ಷಸನೊಬ್ಬ ಎದ್ದು ನಿಂತ. ಟೈ ಕಟ್ಟಿದ ರಾಜಕುಮಾರ ಅವನ ಮೇಲೆ ಯುದ್ಧಕ್ಕೆ ಹೊರಟ. ಇವಳು ತಡೆಯಲಾರದೆ ಚಟಚಟ ಚಪ್ಪಾಳೆ ತಟ್ಟಿದಳು, ಒಬ್ಬಳೇ. “ಈ ಹುಡುಗಿಗೆ ಉತ್ಸಾಹ ಇದೆ,” ಎಂದರು ಸಾಹೇಬರು.

ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಈ ರಾಕ್ಷಸನ ಪ್ರಾಣ ಮಾತ್ರ ತಾವು ಬಕೆಟ್ಟು ಸಾಗಿಸುವ ಹಿಂಬದಿಯ ಲಿಫ್ಟಿನಲ್ಲಿತ್ತೆಂದು ಮಾರನೆಯ ದಿನ ಗೊತ್ತಾಯಿತು. ಲಿಫ್ಟಿನ ಬಾಗಿಲಿಗೆ ಎಲೆಯ ಚಿತ್ರವಿದ್ದ ಕಾಗದ ಅಂಟಿಸಿದ್ದರು: “ಭೂಮಿಗಾಗಿ ಈ ಲಿಫ್ಟ್ ವಿಶ್ರಾಂತಿ ಪಡೆಯುತ್ತಿದೆ.” ಮುಂಬಾಗಿಲ ಗಾಜಿನ ಲಿಫ್ಟುಗಳಿಗೆ ಭೂಮಿಯ ಚಿಂತೆ ಇನ್ನೂ ತಟ್ಟಿರಲಿಲ್ಲ. ಅವು ಒಬ್ಬೊಬ್ಬರನ್ನೇ ಹೊತ್ತು, ಕೆಲವೊಮ್ಮೆ ಯಾರನ್ನೂ ಹೊರದೆ, ಹತ್ತಿ ಇಳಿಯುತ್ತಿದ್ದವು. ಬಕೆಟ್ಟಿನವರಿಗೆ ಮೆಟ್ಟಿಲು.

ನಾಳಿನ ಸಭೆಗೆ ಕೈ ಬೀಸುವ ತಾಲೀಮು ಮುಗಿಸಿ ಇಳಿಯುವಾಗ ಗೋಪುರಿಗೆ ಚಿಕ್ಕಮ್ಮ ಸಿಕ್ಕಳು, ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ಕೂತು. ಪಕ್ಕದಲ್ಲಿ ಸಾಹೇಬರ ಮಹಡಿಗೆ ಒಯ್ಯಬೇಕಾದ ಕುಡಿಯುವ ನೀರಿನ ಕ್ಯಾನು. ತಾಯಿ ಹೋದ ಮೇಲೆ ಗೋಪುರಿಯನ್ನು ಸಾಕಿದವಳು ಈ ಚಿಕ್ಕಮ್ಮ. ಅಜ್ಜಿ ಕತೆ ಹೇಳಿದ್ದಳು, ಚಿಕ್ಕಮ್ಮ ಅನ್ನ ಹಾಕಿದ್ದಳು. ಈಗ ಅವಳ ಬಲ ಮಂಡಿ ಊದಿ ಕುಂಬಳಕಾಯಿಯಾಗಿತ್ತು.

“ಲಿಫ್ಟು ವಿಶ್ರಾಂತಿ ತಗೊಂತೈತಂತೆ. ಅದರ ಪಾಲಿನ ಕೆಲಸಾನೂ ನನ್ನ ಮಂಡೀನೇ ಮಾಡ್ತಾ ಐತೆ,” ಎಂದಳು ಚಿಕ್ಕಮ್ಮ. “ತಟ್ಟು ತಾಯಿ, ಇನ್ನೊಂದ್ಸಲ ಚಪ್ಪಾಳೆ ತಟ್ಟು. ಇನ್ನೊಂದು ಮಂಡೀನೂ ಹೋಗ್ಲಿ.”

“ಹಿಂಗಾಗುತ್ತೆ ಅಂತ ನಾನೇನು ಕನಸು ಕಂಡಿದ್ನಾ ಚಿಕ್ಕಮ್ಮಾ?”

“ಕಂಡಿದ್ದೆ ಕಣೇ. ಅದನ್ನ ಬಿಟ್ಟು ನೀನು ಇನ್ನೇನು ಮಾಡಿದೀಯ?”

ಮೇಲಿನಿಂದ ಬೂಟಿನ ಸದ್ದಾಯಿತು. ಸೂಪರ್‌ವೈಸರ್ ಕ್ಯಾನನ್ನು ಕಾಲಿನಿಂದ ತಟ್ಟಿ ನೋಡಿದ. “ಏನಮ್ಮಾ ಮಹಾರಾಣಿ, ಕುಂಡಿ ಊರಿಬಿಟ್ಟಿದೀಯ. ಮೇಲಿನವರು ಬಾಯಾರಿ ಸಾಯ್ಬೇಕಾ?”

“ಕಾಲು ಬರ್ತಿಲ್ಲ ಸಾರ್. ಕ್ಯಾನು ಹೊತ್ತಾಗ ಮಾತ್ರ ಆ ಲಿಫ್ಟು ಬಿಡಿ ಸಾರ್.”

“ನಿನ್ನ ಕಾಲಿಗೆ ಅಂತ ಭೂಮಿ ಹಾಳು ಮಾಡ್ಲಾ? ನಾಳೆ ಸಭೆ ಹೊತ್ತಿಗೆ ನೀರು ಮೇಲಿರ್ಬೇಕು. ಇಲ್ಲಾಂದ್ರೆ ಬ್ಯಾಡ್ಜು ಬಿಚ್ಚಿಟ್ಟು ಮನೆಗೆ ಹೋಗು. ಕಾಲು ಇರೋರು ಗೇಟಿನ ಹತ್ರ ಸಾಲುಗಟ್ಟಿ ನಿಂತವ್ರೆ.” ಆಮೇಲೆ ಮೂಗು ಸಿಂಡರಿಸಿ, “ಮೈ ತೊಳ್ಕೊಂಡು ಬನ್ರೇ. ಮೆಟ್ಟಿಲೆಲ್ಲ ಗಬ್ಬು ನಾರ್ತೈತೆ,” ಎಂದು ಇಳಿದುಹೋದ.

“ಬಡ್ಡೀಮಗ. ಹತ್ತಿ ಇಳಿಯೋರಿಗೆ ಬೆವರು ಬರದೆ ಅತ್ತರು ಬರುತ್ತಾ?” ಎಂದಳು ಚಿಕ್ಕಮ್ಮ, ಅವನು ಎರಡು ಮಹಡಿ ದಾಟಿದ ಮೇಲೆ.

ಗೋಪುರಿ ಕ್ಯಾನಿನ ಒಂದು ಕಡೆ ಹಿಡಿದು ಹತ್ತತೊಡಗಿದಳು. ಹತ್ತುತ್ತಲೇ ನಾಳೆಯ ಮಾತು ಕಟ್ಟಿದಳು. ‘ಮಹನೀಯರೇ, ಈ ಕಟ್ಟಡದ ಭಾರವನ್ನು ಹೊತ್ತಿರುವುದು ನನ್ನ ಚಿಕ್ಕಮ್ಮನ ಮಂಡಿ.’ ಅಲ್ಲಿ ಒಂದು ಕ್ಷಣ ನಿಲ್ಲಿಸಬೇಕು. ಸಾಹೇಬರ ಕಣ್ಣು ತುಂಬಿ ಬರುತ್ತದೆ. ಅವರು ಎದ್ದು ಬಂದು ತಮ್ಮ ಕೈಯಾರೆ ಎಲೆಯ ಕಾಗದ ಕಿತ್ತು ಹಾಕುತ್ತಾರೆ. ಚಿಕ್ಕಮ್ಮ ಲಿಫ್ಟಿನಲ್ಲಿ ಪಲ್ಲಕ್ಕಿಯಲ್ಲಿ ಕೂತಂತೆ ಏರುತ್ತಾಳೆ. ಕನಸಿನಲ್ಲಿ ಇಷ್ಟೆಲ್ಲ ಆಗಿಯೂ ಹತ್ತಿದ್ದು ಒಂದೇ ಮಹಡಿ.

ಮರುದಿನ ಹಸಿರು ಕಟ್ಟಡದ ಪ್ರಶಸ್ತಿ ಕೊಡುವ ಅತಿಥಿಗಳು ಬಂದರು. ವಾಪಸ್ ಬಂದು ಕೂರುವಾಗ ಸೀಟು ಬಿಸಿಯಾಗಿರಬಾರದೆಂದು ಅವರ ಕಾರುಗಳು ಕೆಳಗೆ ಎಂಜಿನ್ ಆರಿಸದೆ ಗುರುಗುಟ್ಟುತ್ತ ನಿಂತಿದ್ದವು. ಸಭಾಂಗಣದಲ್ಲಿ ಏಸಿಯ ತಂಪಿಗೆ ಹಲ್ಲು ಕಟಕಟಿಸುತ್ತಿತ್ತು. ಮುಂದಿನ ಸಾಲಿನ ಅತಿಥಿ ಮೇಡಂ ಶಾಲು ಕೇಳಿ ಪಡೆದರು. ಹೂಕುಂಡಗಳ ಹಿಂದೆ ಗೋಪುರಿ ಕೈ ಬೀಸುತ್ತಿದ್ದಳು.

“ನಮ್ಮ ಉಳಿತಾಯದಲ್ಲಿ ದೊಡ್ಡ ಪಾಲು ನಮ್ಮ ಕೆಲಸಗಾರರದ್ದು,” ಎನ್ನುತ್ತಿದ್ದರು ದೊಡ್ಡ ಸಾಹೇಬರು. “ತಮ್ಮ ಲಿಫ್ಟನ್ನು ಅವರು ಸಂತೋಷದಿಂದ ಬಿಟ್ಟುಕೊಟ್ಟರು. ಮೆಟ್ಟಿಲು ಹತ್ತಿ ಅವರ ಆರೋಗ್ಯವೂ ಸುಧಾರಿಸಿದೆ.”

ಇದೇ ಸಮಯ ಎಂದುಕೊಂಡು ಗೋಪುರಿ ಬಾಯಿ ತೆರೆದಳು. ಮಹನೀಯರೇ ಎನ್ನಬೇಕಿತ್ತು. ಹೊರಬಂದದ್ದು ಒಂದು ಬಿಕ್ಕಳಿಕೆ, ಅದೂ ಕುಂಡಗಳಾಚೆಗೆ ಹೋಗದಂಥದ್ದು.

ಅಷ್ಟರಲ್ಲಿ ಹಿಂಬಾಗಿಲು ತೆರೆದುಕೊಂಡಿತು. ಚಿಕ್ಕಮ್ಮ ಬಂದಿದ್ದಳು, ನಡೆದು ಅಲ್ಲ, ತೆವಳಿಕೊಂಡು. ಸಭೆಗೆ ತರಬೇಕಿದ್ದ ಇನ್ನೊಂದು ಕ್ಯಾನನ್ನು ಒಂದೊಂದೇ ಮೆಟ್ಟಿಲಿಗೆ ಎತ್ತಿಟ್ಟು, ಅದರ ಹಿಂದೆ ತಾನು ಕುಂಡಿಯ ಮೇಲೆ ಜರುಗುತ್ತ ಇಡೀ ಕಟ್ಟಡ ಹತ್ತಿದ್ದಳು. ಹೊಸ್ತಿಲ ಬಳಿ ಕೈ ಸೋತಿತು. ಕ್ಯಾನು ಉರುಳಿ ನೀರು ಚೆಲ್ಲಿತು. ಸೂಪರ್‌ವೈಸರ್ ಗೋಡೆಯಂಚಿನಲ್ಲೇ ಓಡಿಬಂದು ಬಗ್ಗಿದ. ಎತ್ತಲು ಬಗ್ಗಿದ್ದಾನೆಂದುಕೊಂಡಳು ಗೋಪುರಿ. ಅವನು ಚಿಕ್ಕಮ್ಮನ ಎದೆಯ ಬ್ಯಾಡ್ಜಿಗೆ ಕೈ ಹಾಕಿದ್ದ.

“ಬಿಚ್ಚು. ಸದ್ದು ಮಾಡದೆ ಬಿಚ್ಚು,” ಎಂದು ಪಿಸುಗುಟ್ಟಿದ.

“ನೀರು ಮೇಲೆ ಬಂದೈತಲ್ಲ ಸಾರ್,” ಎಂದಳು ಚಿಕ್ಕಮ್ಮ, ನೆಲದ ನೀರನ್ನು ತೋರಿಸಿ. ಅವನು ಬ್ಯಾಡ್ಜು ಕಿತ್ತು ಜೇಬಿಗಿಳಿಸಿ, ಅವಳನ್ನು ಬಾಗಿಲಾಚೆಗೆ ಎಳೆದು ಕೂರಿಸಿ, ಮತ್ತೆ ಮುಂದೆ ಹೋಗಿ ಕೈಕಟ್ಟಿ ನಿಂತ.

ಗೋಪುರಿ ಕೈ ಇಳಿಸಿದಳು. ಅಜ್ಜಿಯ ಕತೆಗಳಲ್ಲಿ ಶಾಪ ತಟ್ಟಿದವರು ಕಲ್ಲಾಗುತ್ತಿದ್ದರು. ಬಾಲ್ಯದ ಆಟಗಳಲ್ಲಿ ಅವಳು ಸದಾ ರಾಣಿಯಾಗಲು ಹೋಗಿ ಎಡವಿದ್ದಳು. ಕಲ್ಲಾಗುವುದಕ್ಕೆ ರೂಪ ಬೇಡ, ಮಾತು ಬೇಡ, ಇಂಥ ಪಾತ್ರ ತನಗೆ ಮೊದಲೇ ಹೊಳೆಯಬಾರದಿತ್ತೇ ಎನಿಸಿತು.

ದೀಪಗಳು ಆರಿದವು. ತಂಪು ಮಾತ್ರ ಬೀಸುತ್ತಲೇ ಇತ್ತು.

“ಇದೂ ನಮ್ಮ ಉಳಿತಾಯದ ಒಂದು ಭಾಗ,” ಎಂದು ಸಾಹೇಬರು ಕತ್ತಲಲ್ಲೇ ನಕ್ಕರು. ಬೂಟಿನ ಸದ್ದು ತಡವರಿಸುತ್ತ ಹಿಂದಕ್ಕೆ ಬಂತು, ಚೆಲ್ಲಿದ ನೀರಿನಲ್ಲಿ ಜಾರಿತು, ಸಾವರಿಸಿಕೊಂಡಿತು. ಸೂಪರ್‌ವೈಸರ್ ಗೋಪುರಿಯ ಮುಂಗೈ ಹಿಡಿದು ಜೋರಾಗಿ ಬೀಸಿದ. ದೀಪ ಹತ್ತಿತು. ಅತಿಥಿಗಳೆಲ್ಲ ತಿರುಗಿ ನೋಡಿದಾಗ ಕಂಡದ್ದು ಇಷ್ಟು: ಹೂಕುಂಡದ ಹಿಂದೆ ಒಬ್ಬಳು ಹುಡುಗಿ, ಅವಳ ಕೈಯನ್ನು ಬೊಂಬೆಯ ಕೈಯಂತೆ ಆಡಿಸುತ್ತಿರುವ ಒದ್ದೆ ಪ್ಯಾಂಟಿನ ಗಂಡಸು.

“ಯಾರದು?” ಎಂದರು ಶಾಲಿನ ಮೇಡಂ.

“ದೀಪದ ಆಳು ಮೇಡಂ,” ಎಂದಳು ಗೋಪುರಿ. ಕಟ್ಟಿಟ್ಟ ಭಾಷಣದ ಒಂದು ಮಾತೂ ನೆನಪಿಗೆ ಬರಲಿಲ್ಲ. “ನಾನು ಕೈ ಬೀಸಿದ್ರೆ ಇದು ಉರಿಯುತ್ತೆ. ನಮ್ಮ ಲಿಫ್ಟು ಬಿಡ್ಸಿ, ಚಿಕ್ಕಮ್ಮನ ಬ್ಯಾಡ್ಜು ಕೊಡ್ಸಿ. ಬೀಸ್ತೀನಿ.”

ಸೂಪರ್‌ವೈಸರ್ ಕೆಂಡ ಮುಟ್ಟಿದವನಂತೆ ಅವಳ ಕೈ ಬಿಟ್ಟ. ಎಲ್ಲರ ಕಣ್ಣು ತನ್ನ ಮೇಲಿದ್ದುದರಿಂದ ನಿಂತಲ್ಲೇ ಮರಗಟ್ಟಿದ. ತುಸು ಹೊತ್ತಿನಲ್ಲಿ ಮತ್ತೆ ಕತ್ತಲಾಯಿತು.

“ಬೀಸು,” ಎಂದರು ದೊಡ್ಡ ಸಾಹೇಬರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಮೂಲೆಯಲ್ಲಿ ಯಾರು ಮೊದಲು ಕೈ ಎತ್ತುತ್ತಾರೋ ನಾಳೆಯಿಂದ ಅವರೇ ದೀಪದ ಆಳು ಎಂಬುದು ಸೂಪರ್‌ವೈಸರನಿಗೂ ಹೊಳೆದಿರಬೇಕು. ಅವನು ಉಸಿರನ್ನೂ ಹಿಡಿದಿದ್ದ. ಬಾಗಿಲಾಚೆ ಚಿಕ್ಕಮ್ಮ ಮೊದಲು ಕೆಮ್ಮಿದಳು, ಆಮೇಲೆ ಅದು ಕೆಮ್ಮಲ್ಲ, ನಗು ಎಂದು ಗೊತ್ತಾಯಿತು.

ಮುಂದಿನ ಸಾಲುಗಳಲ್ಲಿ ಸರಸರ ಸದ್ದೆದ್ದಿತು. ಕೋಟಿನ ತೋಳುಗಳು, ಶಾಲಿನ ಸೆರಗು, ಬಳೆ, ಗಡಿಯಾರದ ಪಟ್ಟಿ. ದೊಡ್ಡವರೆಲ್ಲ ಕತ್ತಲಲ್ಲಿ ಕೈ ಬೀಸುತ್ತಿದ್ದರು. ಮೂಲೆಯ ಬಿಳಿ ಕಣ್ಣಿಗೆ ಅವರು ಕಾಣುತ್ತಿರಲಿಲ್ಲ.

ಗೋಪುರಿಯ ಮೂಗು ತುರಿಸತೊಡಗಿತು. ಅಜ್ಜಿಯ ಕಲ್ಲುಗಳಿಗೆ ಒಮ್ಮೆಯೂ ಮೂಗು ತುರಿಸಿದ್ದಿಲ್ಲ. ಅವಳು ಹಲ್ಲು ಕಚ್ಚಿದಳು. ಕದಲಲಿಲ್ಲ.