ಅಧಿಕಾರ ಒಪ್ಪಿಸಿದ ಯಾದವರು

ಹೊರದೇಶದ ವೆರಿಬೀ ಪಟ್ಟಣದ ಕನ್ನಡ ಸಂಘದ ಹಾಲ್‌ಗೆ ಯಾರೋ ಕಲ್ಲು ತೂರಿದ ಮೇಲೆ, ಹೆದರಿದ ಸದಸ್ಯರೆಲ್ಲ ಸೇರಿ ಅಧ್ಯಕ್ಷ ಯಾದವರ ಕೈಗೆ ಪೂರ್ತಿ ಅಧಿಕಾರ ಕೊಟ್ಟಿದ್ದರು. ಉಡುಪಿ ಕಡೆಯ ಯಾದವರು ಕಾವಲು ಹಾಕಿಸಿದರು, ಪೊಲೀಸರ ಬೆನ್ನುಬಿದ್ದು ತಪ್ಪಿತಸ್ಥರನ್ನು ಹಿಡಿಸಿದರು. ಮುಂದಿನ ವಾರ್ಷಿಕ ಸಭೆಯಲ್ಲಿ ಯುವ ಸದಸ್ಯ ರಿತೇಶ್ ಎದ್ದು ನಿಂತು, “ಯಾದವ ಅಂಕಲ್ ಇದ್ರೇನೇ ನಾವು ಸೇಫ್. ಇನ್ಮೇಲೆ ಎಲೆಕ್ಷನ್ ಬೇಡ, ಅವರೇ ಕಂಟಿನ್ಯೂ ಆಗ್ಲಿ” ಎಂದ. ಜೋರು ಚಪ್ಪಾಳೆ ಬಿತ್ತು.

ಅಮೆರಿಕದ ಗಣರಾಜ್ಯ ಹುಟ್ಟಿದ ಚರಿತ್ರೆಯನ್ನು ಮೈಸೂರಿನ ಕಾಲೇಜಿನಲ್ಲಿ ಜೀವಮಾನವಿಡೀ ಪಾಠ ಮಾಡಿದ್ದ ಸದಸ್ಯೆ ಅನುಸೂಯ ಚಪ್ಪಾಳೆ ತಟ್ಟಲಿಲ್ಲ. ಭಯಬಿದ್ದ ಜನ ಸ್ವಾತಂತ್ರ್ಯವನ್ನು ತಾವೇ ಬಿಟ್ಟುಕೊಡುತ್ತಾರೆಂದು ಆ ಗಣರಾಜ್ಯ ಕಟ್ಟಿದವರು ಎಚ್ಚರಿಸಿದ್ದರು. ವಿರೋಧಿಸಲೆಂದು ಅನುಸೂಯ ಏಳುವಷ್ಟರಲ್ಲಿ ಯಾದವರೇ ಮೈಕ್ ಹಿಡಿದರು.

“ಅನುಸೂಯ ಮೇಡಮ್ ಒಮ್ಮೆ ಹೇಳಿದ್ರು, ಯುದ್ಧ ಗೆದ್ದ ಮೇಲೆ ಅಮೆರಿಕದ ಸೇನಾಪತಿ ವಾಷಿಂಗ್ಟನ್, ಸೇನೆಯ ಅಧಿಕಾರ ವಾಪಸ್ ಕೊಟ್ಟು ಮನೆಗೆ ಹೋದ್ರಂತೆ. ಅಂಥವರಿಗೇ ಅದು ಬೇಡ ಅಂದ್ರೆ ನಂಗ್ಯಾಕೆ ಮಾರಾಯ್ರೆ? ನೀವು ಹೆದರಿದ್ರಿ ಅಂತ ತಗೊಂಡೆ. ಈಗ ಎಲೆಕ್ಷನ್ ಮಾಡಿ. ನಾನು ನಿಲ್ಲುದಿಲ್ಲ.”

ಯಾದವರು ವೇದಿಕೆಯಿಂದಿಳಿದು ಹಿಂದಿನ ಸಾಲಿನಲ್ಲಿ ಕೂತರು. ಅನುಸೂಯ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು. ತಾವು ಬರೀ ಪಾಠ ಮಾಡಿದ್ದನ್ನು ಒಬ್ಬರು ಮಾಡಿ ತೋರಿಸಿದ್ದನ್ನು ಅವರು ಕಂಡದ್ದು ಅದೇ ಮೊದಲು.