ಹಿಂದಕ್ಕೆ ನಡೆದ ಎಂಜಿನ್

ನಮ್ಮ ಮನೆಯಲ್ಲಿ ಕೊಟ್ಟೂರು ಪಡಸಾಲೆಯ ಗೂಡಿನ ಕೆಳಗಿತ್ತು. ಹಗರಿಬೊಮ್ಮನಹಳ್ಳಿ ನಡುಮನೆಯ ಹೊಸ್ತಿಲಿಗೆ ಬರುತ್ತಿತ್ತು. ಹೊಸಪೇಟೆ ಹಿತ್ತಲ ಬಾಗಿಲಲ್ಲಿ, ನೀರಿನ ಹಂಡೆಯ ಪಕ್ಕ. ಮೈಲಿಗೆ ಒಂದು ಗೇಣು ಲೆಕ್ಕ. ಹಲಗೆ ಚೂರುಗಳ ಮೇಲೆ ಕಸಬರಿಗೆ ಕಡ್ಡಿ ಮುರಿದು ಸ್ಲೀಪರು ಜೋಡಿಸಿದ್ದೆ, ಅದರ ಮೇಲೆ ಎರಡು ತಂತಿ. ಎಣ್ಣೆ ಡಬ್ಬಿಯ ತಗಡಿನಲ್ಲಿ ಎಂಜಿನ್, ಚಪ್ಪಲಿ ಪೆಟ್ಟಿಗೆಯ ರಟ್ಟಿನಲ್ಲಿ ಮೂರು ಡಬ್ಬಿ. ಚಿಮಣಿಗೆ ಹಿಂಜಿದ ಹತ್ತಿಯ ಹೊಗೆ.

"ಒಲಿ ಕಡೆ ಹೋಗಾಕ ಈಗ ಯಾರ್ನ ಕರದು ಗೇಟ್ ತೆಗಿಸ್ಬೇಕ್ರಿ?" ಎಂದು ಹೆಂಡತಿ ಕೊಡ ಹೊತ್ತು ನಿಂತು ಕೇಳುತ್ತಿದ್ದಳು.

ನಾನು ಗಾದಿ ಹೊಲಿಯುವವನು. ಸೈಕಲ್ಲಿಗೆ ಹತ್ತಿ ಹಿಂಜುವ ಬಿಲ್ಲು ಕಟ್ಟಿಕೊಂಡು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳನ್ನು ಸುತ್ತುತ್ತೇನೆ. ಸಂಜೆ ಮನೆ ಸೇರುವಾಗ ರೆಪ್ಪೆಯ ಮೇಲೂ ಹತ್ತಿ ಕೂತಿರುತ್ತದೆ. ಊಟಕ್ಕೆ ಕೂತಲ್ಲೇ ತೂಕಡಿಸುವವನಿಗೆ ಆಟದ ರೈಲು ಬೇರೆ ಕೇಡು ಎಂದು ಓಣಿಯವರು ನಕ್ಕರು. ಮಗಳು ಮೆಹರೀನ ತನಗೇ ಅಂದುಕೊಂಡಳು. ಆದರೆ ಅದು ಅವ್ವನಿಗಾಗಿ.

ಸಣ್ಣ ಗೇಜಿನ ಗಾಡಿ ನಿಂತು ಎರಡು ವರ್ಷವಾಗಿತ್ತು. ಹಳೆ ಹಳಿ ಕಿತ್ತು, ಏರಿ ಅಗಲ ಮಾಡಿ, ದೊಡ್ಡ ಗೇಜು ಹಾಕುತ್ತಾರೆಂಬ ಸುದ್ದಿ ಬಂದ ದಿನ ಅವ್ವ ತಟ್ಟೆ ಸರಿಸಿದಳು.

"ಏರಿ ಪಕ್ಕದ ಮಣ್ಣೂ ತೋಡ್ತಾರೇನು?"

"ತೋಡ್ತಾರವ್ವ. ಯಾಕ?"

"ಅಲ್ಲಿ ನಿಮ್ಮಕ್ಕ ಅದಾಳ."

ನನಗೆ ಅಕ್ಕ ಇದ್ದಳೆಂದು ಮೂವತ್ತೆರಡನೆಯ ವಯಸ್ಸಿಗೆ ಗೊತ್ತಾಯಿತು. ನಾನು ಹುಟ್ಟುವ ಎರಡು ವರ್ಷ ಮೊದಲು, ದಿನ ತುಂಬುವ ಮುಂಚೆ ನೋವು ಬಂದು, ಅಪ್ಪ ಮುರ್ತುಜಾಸಾಬ ಅವ್ವನನ್ನು ರೈಲಿನಲ್ಲಿ ಹೊಸಪೇಟೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದನಂತೆ. ಕೂಸು ದಾರಿಯಲ್ಲೇ ಹುಟ್ಟಿತು. ಎರಡು ಸಲ ಅತ್ತು ಸುಮ್ಮನಾಯಿತು. ಗಾರ್ಡು ಗಾಡಿ ನಿಲ್ಲಿಸಿದ. ಕೂಸಿಗೆಂದು ಅಪ್ಪ ಒಂದು ಪುಟ್ಟ ಗಾದಿ ಹೊಲಿದು ತಂದಿದ್ದ. ಅದರ ಬಿಳಿ ಬಟ್ಟೆ ಬಿಚ್ಚಿ ಕೂಸನ್ನು ಅದರಲ್ಲೇ ಸುತ್ತಿಕೊಂಡು ಎಂಜಿನ್ ಕಡೆಗೆ ನಡೆದ. ಎಂಜಿನ್ನಿನಿಂದ ಒಬ್ಬರು ಕಲ್ಲಿದ್ದಲಿನ ಸಲಿಕೆ ಹಿಡಿದು ಇಳಿದರು. ಆಮೇಲೆ ಉಗಿ ಅಡ್ಡ ಬಂತು. ಗಾದಿಯ ಹತ್ತಿ ಅವ್ವನ ಮಡಿಲಲ್ಲೇ ಉಳಿದು, ಹೊಸಪೇಟೆತನಕ ಒಂದೊಂದು ಎಳೆಯಾಗಿ ಕಿಟಕಿಯಿಂದ ಹಾರುತ್ತ ಹೋಯಿತು. ಗಾಡಿ ಹೊರಡುವಾಗ ಸಿಳ್ಳು ಹಾಕಲಿಲ್ಲವಂತೆ.

"ಯಾವ ಜಾಗ ಅಂತ ಅಪ್ಪ ಹೇಳಲಿಲ್ಲೇನು?"

"ಅವ ಹೇಳಲಿಲ್ಲ, ನಾ ಕೇಳಲಿಲ್ಲ. ಕೇಳಬೇಕು ಅನ್ನೋದ್ರಾಗ ಅವನೂ ಹೋದ." ಅವ್ವ ಬೆರಳು ನೆಲಕ್ಕೊತ್ತಿದಳು. "ನಾ ಅಕಿಗೆ ಮಣ್ಣು ಕೊಟ್ಟಿಲ್ಲಪ."

ಹೂಳುವಾಗ ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುವುದು ನಮ್ಮಲ್ಲಿ ರಿವಾಜು. ಅದಕ್ಕೆ ಮಣ್ಣು ಕೊಡುವುದು ಎನ್ನುತ್ತೇವೆ. ಹೆಂಗಸರು ಅಲ್ಲಿಗೆ ಹೋಗುವುದಿಲ್ಲ. ಹೋಗಬಹುದಾಗಿದ್ದರೂ ಅವ್ವನ ಮೊಣಕಾಲು ಹಿತ್ತಲಿನಾಚೆ ಒಯ್ಯುತ್ತಿರಲಿಲ್ಲ. ಅವಳು ಹಳಿಯ ಹತ್ತಿರ ಹೋಗಲಾರಳು ಎಂದ ಮೇಲೆ ಹಳಿಯನ್ನೇ ಮನೆಗೆ ತಂದೆ. ನೋಡನೋಡುತ್ತ ಜಾಗ ನೆನಪಾದೀತು ಎಂಬ ಆಸೆ.

ಗಾದಿ ಹಿಂಜಲು ಕೂತ ಮನೆಯಲ್ಲೆಲ್ಲ ರೈಲಿನ ಮಾತು ತೆಗೆದೆ. ಎಲ್ಲಿ ಸೇತುವೆ, ಎಲ್ಲಿ ನೀರಿನ ಟ್ಯಾಂಕು, ಎಲ್ಲಿ ಬೇವಿನ ಮರ, ಬೀಡಿ ಕಟ್ಟಿನ ಕಾಗದದ ಮೇಲೆ ಗುರುತು ಹಾಕಿಕೊಂಡೆ. ಎಲ್ಲರೂ ಒಂದೇ ಮಾತು: "ನಮ್ಮ ಹೊಲದ ಹತ್ರ ನಿಂದರ್ತಿತ್ತು ನೋಡ್ರಿ, ಕೈ ಮಾಡಿದ್ರ ಸಾಕು." ತೆಲಿಗಿಯಲ್ಲೂ ಹಡಗಲಿಯಲ್ಲೂ ಹಾಗೇ ಅಂದರು. ಆ ಎರಡೂ ಊರಿಗೆ ರೈಲೇ ಇರಲಿಲ್ಲ.

ಗಾಡಿ ಸಿದ್ಧವಾದ ಶುಕ್ರವಾರ ಅವ್ವನನ್ನು ಗೋಡೆಗೊರಗಿಸಿ ಕೂರಿಸಿದೆ. ಮೆಹರೀನ ಬಾಯಲ್ಲಿ ಸಿಳ್ಳು ಹಾಕಿ ಎಂಜಿನ್ ತಳ್ಳಿದಳು. ಅವ್ವ ನೋಡಿದಳು.

"ಇದು ನನ್ನ ಗಾಡಿ ಅಲ್ಲ. ಎಂಜಿನ್ ಮಾರಿ ನಮ್ಮ ಕಡೆ ಇತ್ತು. ನನ್ನ ನೋಡ್ಕೊಂತ ನಿಂತಿತ್ತು."

"ಎಂಜಿನ್ ಮಾರಿ ಮುಂದಲ್ಲೇನವ್ವ ಇರೋದು? ಎದುರಿಗೆ ಬಂದ ಬ್ಯಾರೆ ಗಾಡಿ ನೋಡಿದ್ದಿ."

ಅದೇ ನಾನು ಮಾಡಿದ ತಪ್ಪು. ಎದುರಾದ ಗಾಡಿ ಅಂದರೆ ಎರಡು ಗಾಡಿ ಕೂಡುವ ನಿಲ್ದಾಣ, ಅಂದರೆ ಹಗರಿಬೊಮ್ಮನಹಳ್ಳಿ. ಹೀಗೆಂದು ನಿರ್ಧರಿಸಿ ಎರಡು ವಾರ ದುಡಿಮೆ ಬಿಟ್ಟು ಆ ನಿಲ್ದಾಣದ ಹಿಂದೆ ಜಾಲಿಮುಳ್ಳಿನಲ್ಲಿ ಅಲೆದೆ. ಹೊಸ್ತಿಲ ಮೇಲೆ ಕೆಂಪು ದಾರ ಕಟ್ಟಿ ತೋರಿಸಿದರೆ ಅವ್ವ ಅಡ್ಡಡ್ಡ ತಲೆಯಾಡಿಸಿದಳು. "ಅಲ್ಲಿ ಪ್ಯಾಟಿ ಗದ್ಲ. ನಮ್ಮದು ಗುಡ್ಡದ ನೆಳ್ಳು." ಅವಳಿಗೆ ಅರವತ್ತು ದಾಟಿತ್ತು. ನೆನಪೂ ಹಳೆ ಹತ್ತಿಯ ಹಾಗೆ ಗಂಟು ಕಟ್ಟುತ್ತದೆ ಎಂದುಕೊಂಡು ಮತ್ತೆ ದುಡಿಮೆಗೆ ಹೊರಟೆ.

ಮಾಲವಿಯ ಓಬಳೇಶಪ್ಪನ ಮನೆಗೆ ಹೋಗಿದ್ದು ಅವನ ಗಾದಿಗಾಗಿ. ಎಂಜಿನ್ನಿಗೆ ಕಲ್ಲಿದ್ದಲು ಹೊಡೆಯುವ ಕೆಲಸದಲ್ಲಿದ್ದು ರಿಟೈರ್ ಆದವನು.

"ಗಟ್ಟಿ ಹೊಲಿ ತೌಸೀಫ. ಮೆತ್ತಗಾದ್ರ ನನಗ ನಿದ್ದಿ ಹತ್ತೂದಿಲ್ಲ" ಎಂದು ಕಟ್ಟೆಯ ಮೇಲೆ ಕೂತ.

ಬಿಲ್ಲಿನ ನಾದದ ನಡುವೆ ಅವ್ವನ ಎಂಜಿನ್ನಿನ ಮಾತನ್ನು ನಗುತ್ತ ಹೇಳಿದೆ. ಅವನು ನಗಲಿಲ್ಲ.

"ನಿಮ್ಮವ್ವ ಖರೆ ಹೇಳ್ಯಾಳ. ನಮ್ಮ ಕಾಲಕ್ಕ ಕೊಟ್ಟೂರಾಗ ಎಂಜಿನ್ ತಿರುಗಿಸಾಕ ಏನೂ ಇರಲಿಲ್ಲಲೇ. ಬರುವಾಗ ಮಾರಿ ಮುಂದ ಮಾಡಿ ಬರ್ತಿದ್ವಿ. ಹೋಗುವಾಗ ಅದನ್ನ ಬಿಚ್ಚಿ, ಆ ಕಡೆ ತುದಿಗೆ ಒಯ್ದು, ಹಂಗ ಹಚ್ಚತಿದ್ವಿ. ಹೊಸಪೇಟಿ ಕಡೆ ಬೆನ್ನು, ಡಬ್ಬಿಗುಳ ಕಡೆ ಮಾರಿ. ಹಿಂದಿಂದಕ ನಡಕೊಂತ ಹೋಗೋದು. ದರ್ಗಾದಾಗಿಂದ ಬೆನ್ನು ತೋರಿಸದ ಹೊರಗ ಬರ್ತೀರಲ್ಲ, ಹಂಗ."

ಬಿಲ್ಲು ನನ್ನ ಕೈಯಲ್ಲಿ ನಿಂತಿತು.

"ಇನ್ನೊಂದು ಮಾತು. ಹಳಿ ನೆಟ್ಟಗಿದ್ರ ಒಳಗ ಕುಂತಾಕಿಗೆ ಎಂಜಿನ್ ಕಾಣೂದಿಲ್ಲ. ತಿರುವಿನ್ಯಾಗ ಕಾಣ್ತೈತಿ. ಗುಡ್ಡದ ನೆಳ್ಳು ಅಂದ್ಳೇನು? ಹಂಪಾಪಟ್ಟಣ ದಾಟಿದ ಮ್ಯಾಲ ಗುಡ್ಡದ ಬುಡಕ ಒಂದ ತಿರುವು, ಎಡಕ್ಕ. ಪಕ್ಕದಾಗ ನೀರು ಹರಿಯಾಕ ಎರಡು ಕಣ್ಣಿನ ಸಣ್ಣ ಸೇತುವಿ."

"ಅವತ್ತು ನೀವು ಇದ್ರೇನ್ರಿ?"

ಅವನು ಅಂಗೈ ನೋಡಿಕೊಂಡ. "ಇದ್ನೋ ಇಲ್ಲೋ. ಮಂದಿ ಸಲುವಾಗಿ ಎಷ್ಟೋ ಕಡೆ ನಿಲ್ಲಿಸೀವಿ. ಸಲಿಕಿ ಮಾತ್ರ ಎಲ್ಲಾ ಎಂಜಿನ್ನಾಗೂ ಇರ್ತಿತ್ತು."

ಮನೆಗೆ ಬಂದು ಕೈಕಾಲೂ ತೊಳೆಯದೆ ಎಂಜಿನ್ನನ್ನು ತಿರುಗಿಸಿ ಡಬ್ಬಿಗಳ ಕಡೆ ಮುಖ ಮಾಡಿ ಹಚ್ಚಿದೆ. ಒಲೆಯ ಹತ್ತಿರ ತಂತಿಯನ್ನು ಎಡಕ್ಕೆ ಬಗ್ಗಿಸಿದೆ. ಹೆಂಡತಿ ರುಬ್ಬುವ ಗುಂಡನ್ನು ಉರುಳಿಸಿ ತಂದು ಗುಡ್ಡದ ಜಾಗದಲ್ಲಿ ಇಟ್ಟಳು. ಅವ್ವ ಕೆನ್ನೆಯನ್ನು ನೆಲಕ್ಕೆ ಹಚ್ಚಿ ಮಲಗಿ, ರಟ್ಟಿನ ಕಿಟಕಿಗೆ ಕಣ್ಣು ಇಟ್ಟಳು. ಮೆಹರೀನ ಗಾಡಿಯನ್ನು ಮೆಲ್ಲಗೆ ಎಳೆದಳು. ಹಂಪಾಪಟ್ಟಣ ದಾಟಿತು. ಗುಂಡಿನ ನೆರಳು ಡಬ್ಬಿಗಳ ಮೇಲೆ ಬಿತ್ತು. ತಿರುವಿನಲ್ಲಿ ಎಂಜಿನ್ ಪಕ್ಕಕ್ಕೆ ಸರಿದು, ತಗಡಿನ ದುಂಡು ಮುಖ ಅವ್ವನ ಕಡೆ ಬಂತು.

"ನಿಂದ್ರಸು" ಎಂದಳು.

ನೆಲಕ್ಕೆ ಹಚ್ಚಿದ ಕೆನ್ನೆಯನ್ನು ಅವಳು ಎತ್ತಲಿಲ್ಲ. ಕಿಟಕಿಯ ಆಚೆ ಅವಳಿಗೆ ಏನು ಕಾಣುತ್ತಿತ್ತೋ ನಮಗೆ ಗೊತ್ತಿಲ್ಲ. ಒಲೆಯ ಮೇಲಿನ ಎಸರು ಕುದಿದು, ಉಗಿ ಕೆಳಗಿಳಿದು ಬಂದಂತೆ ನನಗೂ ಕಂಡಿತು. "ನಿಮ್ಮಪ್ಪ ಎಂಜಿನ್ ದಾಟಿ ನಾಕ ಹೆಜ್ಜಿ ಹೋದ. ಸೇತುವಿ ಕಡೀಗೆ" ಎಂದಳು.

ಮರುದಿನ ಹೋದೆ. ತಿರುವು ಇತ್ತು, ಎರಡು ಕಣ್ಣಿನ ಸೇತುವೆ ಇತ್ತು. ಅದರ ಪಕ್ಕ ಅಂಗೈಯಗಲದ ಮೂರು ಕಲ್ಲು ಒಂದೆಡೆ ಕೂಡಿದ್ದವು. ಅಪ್ಪ ಇಟ್ಟವೋ, ಕುರಿ ಕಾಯುವವರು ಒಲೆ ಹೂಡಿದವೋ ಹೇಳಲಾರೆ. ಹಳಿಯ ಮೇಲೆ ಹುಲ್ಲು ಬಾಗಿತ್ತು. ಏರಿಯ ಉದ್ದಕ್ಕೂ ತೋಡುವ ಗುರುತಿಗೆ ಸುಣ್ಣದ ಗೆರೆ ಆಗಲೇ ಎಳೆದಿದ್ದರು, ಕಲ್ಲುಗಳು ಗೆರೆಯ ಒಳಗಿದ್ದವು. ಕೂತು ಫಾತಿಹಾ ಓದಿದೆ. ಗಾದಿ ಬಟ್ಟೆಯ ಚೀಲದಲ್ಲಿ ಮಣ್ಣು ತುಂಬಿಕೊಂಡೆ. ಕೆಂಪು ಮಣ್ಣು, ನಡುನಡುವೆ ಕಲ್ಲಿದ್ದಲಿನ ಕರಿ ಹರಳು.

ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ತಿರುವಿನ ಹತ್ತಿರ ಕೂತಳು. ಚೀಲದೊಳಗೆ ಕೈ ಹಾಕಿ, ಹಲಗೆಯ ಅಂಚಿನಲ್ಲಿ ಮೂರು ಚಿಟಿಕೆ ಮಣ್ಣು ಒಂದರ ಮೇಲೊಂದು ಇಟ್ಟಳು. ಸಣ್ಣ ಹಳಿಗೆ ಹಿಡಿ ಮಣ್ಣು ಹೆಚ್ಚಾಗುತ್ತಿತ್ತು. ತುಟಿ ಅಲುಗುತ್ತಿತ್ತು. ಚಿಮಣಿಯಿಂದ ಹತ್ತಿಯ ಒಂದು ಎಳೆ ಬಿಡಿಸಿ ಅದರ ಮೇಲೆ ಹಾಸಿದಳು.

ಗಾಡಿ ಹೊರಡಿಸಲು ಮೆಹರೀನ ತುಟಿ ಸೇರಿಸಿದಳು. ಅವ್ವ ಆ ತುಟಿಯ ಮೇಲೆ ಮಣ್ಣಿನ ಬೆರಳಿಟ್ಟಳು.

"ಬ್ಯಾಡವ್ವ. ಇಲ್ಲಿ ಬ್ಯಾಡ."

ಆಮೇಲೆ ತಾನೇ ಕೈ ಚಾಚಿ ಎಂಜಿನ್ನನ್ನು ಹಂಡೆಯ ಕಡೆಗೆ ಎಳೆದಳು. ಅದು ಆ ಮೂರು ಚಿಟಿಕೆ ಮಣ್ಣನ್ನೇ ನೋಡುತ್ತ, ಹಿಂದಕ್ಕೆ ಹಿಂದಕ್ಕೆ ನಡೆಯಿತು.